ಏಳನೆಯ ಕತ್ತರಿ

ಗೋಡೆಯ ಮೇಲೆ ಐದು ವೃತ್ತ, ಐದು ಬಾಣ.
ಒಂದರ ಬಾಲ ಒಂದು ಹಿಡಿದು
ಸುಮ್ಮನೆ ಸುತ್ತುತ್ತವೆ, ಗಾಣದೆತ್ತಿನ ಹಾಗೆ.
ಇರಿಯಾ ಅದನ್ನು ಬರೆದ ಸಂಜೆ
ನಾನು ಮರದ ಹೊಟ್ಟು ಗುಡಿಸುತ್ತಿದ್ದೆ.
"ಇದರಲ್ಲಿ ಮೀನಿನ ವಾಸನೆ ಎಲ್ಲಿ?" ಅಂದೆ.
ಮರುದಿನ ಬೆಳಗಿನ ಐದಕ್ಕೆ
ಮಟೋಸಿನ್ಯೋಸಿನ ಬಂದರಿಗೆ
ನನ್ನನ್ನೂ ಎಳೆದೊಯ್ದಳು.

ಉದ್ದನೆ ಕಲ್ಲುಮೇಜು, ಅತ್ತ ಇತ್ತ ನಲವತ್ತು ಹೆಂಗಸರು,
ಬಿಳಿ ಟೊಪ್ಪಿ, ರಬ್ಬರು ಬೂಟು,
ಕತ್ತರಿಯ ಬಾಯಿಗೆ ಬೂತಾಯಿ ಮೀನಿನ ತಲೆ:
ಕಚಕ್. ಕಚಕ್.
ಮಾತಿಗೊಂದು ತಲೆ, ನಗೆಗೆರಡು.

ಮೂರು ದಿನ ಇರಿಯಾ ಏನನ್ನೂ ಕೇಳಲಿಲ್ಲ.
ಮೂಲೆಯ ಉಪ್ಪಿನ ಪೀಪಾಯಿಯ ಮೇಲೆ ಕೂತು
ಬರೇ ಹೆಬ್ಬೆರಳುಗಳನ್ನು ನೋಡಿದಳು.
ನಾಲ್ಕನೆಯ ದಿನ ಅವಳಿಗೂ ಒಂದು ಏಪ್ರನ್ನು, ಒಂದು ಕತ್ತರಿ.
ಊಟದ ಗಂಟೆಯಷ್ಟರಲ್ಲಿ ಹೆಬ್ಬೆರಳ ಬುಡದಲ್ಲಿ ಬೊಬ್ಬೆ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಬೇರೆಯವರ ಅಂಗೈಯದಕ್ಕೆ ಬೇಕು.
ಕನ್ನಡಿ ಇಲ್ಲದವರು
ಆ ಹುಣ್ಣನ್ನೇ ಸಾಲ ತರಬೇಕು.

ಕೇಳಿದ್ದು ಆಮೇಲೆ.
"ಕೈ ನೋಯುತ್ತದೆಯೇ?"
"ಇಲ್ಲ," ಅಂದಳು ದೆಯೊಲಿಂದಾ,
ಇಪ್ಪತ್ತೊಂಬತ್ತು ವರ್ಷ ಇದೇ ಮೇಜು.
"ರಾತ್ರಿ ನಿದ್ದೆ ಬರುತ್ತದೆಯೇ?"
"ಇಲ್ಲ."
"ಯಾಕೆ?"
"ಕೈ ನೋಯುತ್ತದಲ್ಲ."
ಇರಿಯಾ ಎರಡು ಇಲ್ಲಗಳನ್ನೂ ಬರೆದುಕೊಂಡಳು,
ಒಂದನ್ನೂ ಹೊಡೆದುಹಾಕದೆ.

ಕೆತ್ತುವುದು ನನ್ನ ಪಾಲು.
ಮೊದಲನೆಯದು ಜೇಡಿಮಣ್ಣಿನದು, ನೋಡಲು ಬಲು ಚಂದ.
ಝುಲ್ಮಿರಾ ಹಿಡಿದು ನಕ್ಕಳು: "ಯಾರ ಮದುವೆಗೆ ಉಡುಗೊರೆ?"
ಎರಡನೆಯದು, ಒದ್ದೆ ಕೈಯಲ್ಲಿ,
ಮೀನಿಗಿಂತ ಮೊದಲು ಜಾರಿತು.
ಮೂರನೆಯದು ಎಡಗೈಯನ್ನು ಮರೆತಿತ್ತು;
ನಲವತ್ತರಲ್ಲಿ ಆರು ಮಂದಿ ಎಡಚರು,
ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ, ಅವರೂ.
ನಾಲ್ಕನೆಯದರ ಮಾತು ಬೇಡ.
ಐದನೆಯದೆಂದರೆ ಇರಿಯಾಗೆ ಪ್ರಾಣ.
ದೆಯೊಲಿಂದಾ ಅದನ್ನು ಇಡೀ ಪಾಳಿ ಬಳಸಿ,
ತೊಳೆದು, ಒರೆಸಿ,
ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು.
ಅಷ್ಟೊಂದು ಮರ್ಯಾದೆಯೇ ಉತ್ತರ.

ಆ ರಾತ್ರಿ ಇರಿಯಾ ಗೋಡೆಯ ಬಾಣಗಳನ್ನು
ಒದ್ದೆ ಬಟ್ಟೆಯಿಂದ ತಿಕ್ಕಿದಳು.
ಶಾಯಿ ಹೋಗಲಿಲ್ಲ, ಸುಣ್ಣ ಹೋಯಿತು.

ಆರನೆಯದು ಗೆದ್ದಿತು.
ಪೆಟ್ಟಿಗೆಯಲ್ಲಿ ನಲವತ್ತು ಕತ್ತರಿ ಬಂದವು, ಆರು ಎಡಗೈಯವು.
ಮ್ಯಾನೇಜರ ಭಾಷಣ, ಫೋಟೋ, ಒಂದೊಂದು ಲೋಟ ವೈನು.
ತಿಂಗಳು ಕಳೆದು ಹೋಗಿ ನೋಡಿದರೆ
ಅಷ್ಟೂ ಹಿಡಿಗಳಿಗೆ ಚಿಂದಿ ಸುತ್ತಿದೆ:
ಕೆಂಪು, ಚೌಕಳಿ, ಯಾವುದೋ ಮಗುವಿನ ಪೈಜಾಮದ ಆನೆ.

ನನಗೆ ನೆಲ ಕುಸಿಯಿತು.
"ಹಿಡಿತ ಸರಿಯಿಲ್ಲವೇ?"
"ಬೆಣ್ಣೆ."
"ಮತ್ತೆ ಈ ಬಟ್ಟೆ?"
ಮೀನಿನ ಕಿವಿರು ಬಿಡಿಸಿ ನೋಡುವ ಕಣ್ಣಲ್ಲಿ
ದೆಯೊಲಿಂದಾ ನನ್ನನ್ನು ನೋಡಿದಳು.
"ನಲವತ್ತೂ ಒಂದೇ ಥರ ಮಾಡಿದ್ದೀಯ ಮಾರಾಯ,
ನನ್ನದು ಯಾವುದು ಅಂತ ಗೊತ್ತಾಗಬೇಡವೇ?
ಈ ಚೂರು ನನ್ನ ಅವ್ವನ ಏಪ್ರನ್ನಿನದು.
ಅವಳು ನಿಲ್ಲುತ್ತಿದ್ದುದು ಆ ತುದಿ,
ಕಿಟಕಿಯ ಹತ್ತಿರ."

ಇರಿಯಾ ಮಾತಾಡಲಿಲ್ಲ. ಹೊಸ ಪುಟ ತಿರುವಿದಳು.

ಏಳನೆಯದಕ್ಕೆ ನಾನು ಮಾಡಿದ್ದು ತೀರಾ ಕಡಿಮೆ:
ಹಿಡಿಯ ನಡುವೆ ಅರ್ಧ ಬೆರಳಗಲ ಒಂದು ತೋಡು,
ಬಟ್ಟೆ ಸುತ್ತಿಕೊಳ್ಳಲು.
ಅಲ್ಲಿಂದ ಮರ ತೆಗೆದೆ, ಅಷ್ಟೆ.

ಮೊನ್ನೆ ಝುಲ್ಮಿರಾ ಅಂಗಡಿಗೆ ಬಂದಿದ್ದಳು,
ಕೈಚೀಲದಲ್ಲಿ ಕತ್ತರಿ, ಮುಖದಲ್ಲಿ ಜಗಳ.
ತೋಡಿನಲ್ಲಿ ಉಪ್ಪು ಕೂರುತ್ತದಂತೆ.
ಕುರ್ಚಿ ಎಳೆದು ಕೊಟ್ಟೆ, ಕಾಫಿಗಿಟ್ಟೆ,
"ಎಲ್ಲಿ, ಹಿಡಿದು ತೋರಿಸು," ಅಂದೆ.